ಹೊಸ ಮನೆಗೆ ಮೊದಲು ಏನು ಮಾಡಿಸಬೇಕು?

ಪ್ರಶ್ನೆ: ಹೋದ ವಾರ ಕೆಂಗೇರಿಯಲ್ಲಿ ಗೃಹಪ್ರವೇಶ ಆಯ್ತು. ಹಾಲು ಉಕ್ಕಿಸಿದ ಸ್ಟೌ ಬಿಟ್ಟರೆ ಮನೆಯಲ್ಲಿ ಎರಡು ಚಾಪೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಅಷ್ಟೇ. ಅಡುಗೆಮನೆ ಕಪಾಟಿಗೆ ಬಡಗಿಯನ್ನು ಕರೆಸುವುದಾ, ರೆಡಿಮೇಡ್ ತರುವುದಾ?

ಉತ್ತರ: ಬಡಗಿನೇ ಸರಿ. ಆದರೆ ಸಿಂಕ್ ಕೆಳಗಡೆಗೆ ಐಎಸ್ 710 ಮುದ್ರೆ ಇರುವ, ನೀರು ಬಿದ್ದರೂ ತಡೆಯುವ ಪ್ಲೈವುಡ್ಡೇ ಕೇಳಿ, ಬರೀ ತೇವ ತಡೆಯುವ ಎಂಆರ್ ಗ್ರೇಡ್ ಅಲ್ಲಿಗೆ ಬೇಡ. ನಾನು ದುಡ್ಡು ಉಳಿಸಲು ಹೋಗಿ, ಎರಡೇ ವರ್ಷಕ್ಕೆ ಬಾಗಿಲು ಉಬ್ಬಿ, ಈಗ ದಿನಾ ಕಾಲಲ್ಲಿ ಒದ್ದು ಮುಚ್ಚುತ್ತೇನೆ.

ಇನ್ನೊಬ್ಬರು: ಸೋಫಾಗೆ ಅವಸರ ಬೇಡ. ಅದರ ಅಳತೆಗೆ ನೆಲದ ಮೇಲೆ ಹಳೇ ಪೇಪರ್ ಹಾಸಿ ಎರಡು ದಿನ ಓಡಾಡಿ, ಜಾಗ ಸಾಲುತ್ತಾ ಗೊತ್ತಾಗುತ್ತದೆ. ನಾಗಸಂದ್ರ ಮೆಟ್ರೋ ಪಕ್ಕದ ಐಕಿಯಾ ಫರ್ನಿಚರ್ ಅಂಗಡಿಯಲ್ಲಿ ಸುಮ್ನೆ ಕೂತು ನೋಡಿ ಬನ್ನಿ. ಲಿಫ್ಟ್ ಬಾಗಿಲನ್ನೂ ಅಳೆಯಿರಿ.

ಪ್ರಶ್ನೆ ಕೇಳಿದವರು: ಲಿಫ್ಟೇ ಇಲ್ಲ ಸಾರ್, ಮೂರನೇ ಮಹಡಿ!