ವಿದುರಾಶ್ವತ್ಥ ಗೋಲಿಬಾರ್ ಪ್ರಬಂಧ: ಸತ್ತವರ ಸಂಖ್ಯೆ ಯಾವುದು ಹಾಕಲಿ?

ಪ್ರಶ್ನೆ
ಆಧುನಿಕ ಇತಿಹಾಸದ ವಿದ್ಯಾರ್ಥಿ ಸಮ್ಮೇಳನಕ್ಕೆ 250 ಪದಗಳ ಸಾರಲೇಖ ಕಳಿಸಬೇಕು. ಮಂಡನೆಗೆ 15 ನಿಮಿಷ, ಪ್ರಶ್ನೋತ್ತರಕ್ಕೆ 5. ಶೀರ್ಷಿಕೆ: ‘ಸ್ವಾತಂತ್ರ್ಯ ಹೋರಾಟದಲ್ಲಿ ವಿದುರಾಶ್ವತ್ಥ’. ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ನಡೆದ ಗೋಲಿಬಾರಲ್ಲಿ ಸತ್ತವರು ಒಂದು ಕಡೆ 10 ಅಂತಿದೆ, ಇನ್ನೊಂದು ಕಡೆ 32 ಅಂತಿದೆ. ಯಾವುದನ್ನು ನಂಬಲಿ?

ಉತ್ತರ 1
ಒಂದನ್ನೇ ಆರಿಸಿಕೊಳ್ಳಬೇಡಿ. ಯಾರು ಹೇಳಿದರು, ಯಾವಾಗ, ಯಾವ ಆಧಾರದ ಮೇಲೆ ಅಂತ ಮೂರು ಕಾಲಂ ಹಾಕಿ. ಸರ್ಕಾರದ ಹೇಳಿಕೆ, ಕಾಂಗ್ರೆಸ್ಸಿನ ಲೆಕ್ಕ, ನಿವೃತ್ತ ನ್ಯಾಯಮೂರ್ತಿ ವೇಪ ರಾಮೇಶಂ ನೇತೃತ್ವದ ವಿಚಾರಣಾ ಸಮಿತಿ, ಆಮೇಲಿನ ಸ್ಮಾರಕ: ಪ್ರತಿಯೊಂದಕ್ಕೂ ಒಂದು ಸಾಲು. ಗಾಯಗೊಂಡು ನಂತರ ತೀರಿಕೊಂಡವರು ಲೆಕ್ಕದಲ್ಲಿದ್ದಾರೋ ಇಲ್ಲವೋ ನೋಡಿ. ಈ ಪಟ್ಟಿಯೇ ನಿಮ್ಮ ಪ್ರಬಂಧದ ಜೀವಾಳ ಆಗಬಹುದು.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ‘ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿದರು’ ಅಂತ ದಯವಿಟ್ಟು ಬರೆಯಬೇಡಿ. ಅಲ್ಲಿದ್ದದ್ದು ಮೈಸೂರು ಸಂಸ್ಥಾನದ ಪೊಲೀಸರು, ದಿವಾನರು ಮಿರ್ಜಾ ಇಸ್ಮಾಯಿಲ್. ‘ದಕ್ಷಿಣದ ಜಲಿಯನ್‌ವಾಲಾ ಬಾಗ್’ ಎಂಬ ಹೆಸರು ಈ ವ್ಯತ್ಯಾಸವನ್ನೇ ಮುಚ್ಚಿಬಿಡುತ್ತದೆ. ಅದೇ ತಿಂಗಳು ಮದ್ದೂರು ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಿದ ಸತ್ಯಾಗ್ರಹದಿಂದ ಶುರು ಮಾಡಿ, ಕಾಂಗ್ರೆಸ್ ನಾಯಕರಾದ ಪಟೇಲ್ ಮತ್ತು ಕೃಪಲಾನಿ ಬಂದು ದಿವಾನರ ಜತೆ ಒಪ್ಪಂದಕ್ಕೆ ಬಂದಲ್ಲಿಗೆ ನಿಲ್ಲಿಸಿ. ಹದಿನೈದು ನಿಮಿಷಕ್ಕೆ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಉತ್ತರ 2
ಕಡತ ಹುಡುಕುವಾಗ ‘ಚಿಕ್ಕಬಳ್ಳಾಪುರ’ ಅಂತ ನೋಡಿದರೆ ಏನೂ ಸಿಗದು. ಆ ಜಿಲ್ಲೆ ಆದದ್ದು 2007ರಲ್ಲಿ; ಆಗ ಗೌರಿಬಿದನೂರು ಕೋಲಾರ ಜಿಲ್ಲೆಯಲ್ಲಿತ್ತು. ಇಂಗ್ಲಿಷ್ ದಾಖಲೆಗಳಲ್ಲಿ ಊರಿನ ಹೆಸರು ‘ವಿದುರಾಶ್ವತ್ಥಂ’ ಅಂತ ಕೊನೆಗೆ ಮಕಾರ ಸೇರಿಸಿಕೊಂಡೂ ಬರುತ್ತದೆ, ಎರಡೂ ಕಾಗುಣಿತ ಹಾಕಿ ನೋಡಿ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗುವಾಗ ವಿಭಾಗದ ಮುಖ್ಯಸ್ಥರ ಪತ್ರ ಜತೆಗಿರಲಿ. ಒಳಗಿನ ಹಾಳೆಗಿಂತ ಮೊದಲು ಕಡತದ ಹೊದಿಕೆಯ ಫೋಟೊ ತೆಗೆದುಕೊಳ್ಳಿ (ಅನುಮತಿ ಕೇಳಿ). ಇಲಾಖೆ, ಕಡತ ಸಂಖ್ಯೆ, ವರ್ಷ ಅದರ ಮೇಲೇ ಇರುತ್ತವೆ. ಅದಿಲ್ಲದಿದ್ದರೆ ಅಡಿಟಿಪ್ಪಣಿ ಬರೆಯುವ ದಿನ ಮತ್ತೆ ಬೆಂಗಳೂರಿಗೆ ಓಡಬೇಕಾಗುತ್ತದೆ.

ಪತ್ರಿಕೆಗಳಲ್ಲಿ ‘ತಾಯಿನಾಡು’, ‘ವಿಶ್ವಕರ್ನಾಟಕ’ ನೋಡಿ. ಸಂಸ್ಥಾನದಲ್ಲಿ 1908ರಿಂದಲೂ ಪತ್ರಿಕಾ ಕಾಯಿದೆಯ ಬಿಗಿ ಇತ್ತು. ಹಾಗಾಗಿ ಅಚ್ಚಾಗದೆ ಉಳಿದದ್ದನ್ನೂ ಲೆಕ್ಕಕ್ಕೆ ತಗೊಳ್ಳಿ.

ಉತ್ತರ 3
ಓದುವ ವೇಗದ ಬಗ್ಗೆ ಒಂದು ಮಾತು. ಕನ್ನಡದ ಪದಗಳು ಉದ್ದ. ನಿಮಿಷಕ್ಕೆ 80–90 ಪದ ಅಂತ ಹಿಡಿದರೆ 15 ನಿಮಿಷಕ್ಕೆ 1200ರಿಂದ 1350 ಪದ. ಗಡಿಯಾರ ಇಟ್ಟುಕೊಂಡು ಜೋರಾಗಿ ಎರಡು ಸಲ ಓದಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಲ್ಲಿ ಸ್ಲೈಡ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಪರದೆ ತುಂಬ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಯೂನಿಕೋಡಿಗೆ ಬದಲಾಯಿಸಿ ಒತ್ತಕ್ಷರ, ರೇಫ ಒಂದೊಂದಾಗಿ ಪರೀಕ್ಷಿಸಿ. ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು
ಶೀರ್ಷಿಕೆ ಬದಲಿಸಿದೆ: ‘ಧ್ವಜ, ನಿಷೇಧಾಜ್ಞೆ, ಗೋಲಿಬಾರ್: ಮೈಸೂರು ಸಂಸ್ಥಾನ, ಏಪ್ರಿಲ್–ಮೇ 1938’. ಸರಿಹೋಯ್ತಾ?

ಉತ್ತರ 1
ಸರಿಯಿದೆ. ‘ವಿದುರಾಶ್ವತ್ಥ’ ಅನ್ನೋ ಹೆಸರನ್ನು ಮಾತ್ರ ಬಿಡಬೇಡಿ, ಹುಡುಕುವವರು ಆ ಹೆಸರಿನಿಂದಲೇ ಹುಡುಕುತ್ತಾರೆ.