ಜಿ.ಎಸ್. ಶಿವರುದ್ರಪ್ಪ: ಎಂಟು ಪುಟದಲ್ಲಿ ಮೇಷ್ಟ್ರು, ಕವಿ ಇಬ್ಬರನ್ನೂ ಹಿಡಿಯೋದು ಹೇಗೆ?

ನಾಗರಬಾವಿ ಓದುಗ:
ಕಾಲೇಜಿನ ಸಂಚಿಕೆಗೆ ಜಿ.ಎಸ್.ಎಸ್. ಅವರ ಜೀವನ ಪರಿಚಯ ಬರೀಬೇಕು. ಮಿತಿ ಎಂಟು ಪುಟ. ಶಿಕಾರಿಪುರದ ಈಸೂರಲ್ಲಿ 1926ರಲ್ಲಿ ಹುಟ್ಟು, ಮೈಸೂರಲ್ಲಿ ಕುವೆಂಪು ಶಿಷ್ಯತ್ವ, ಹೈದರಾಬಾದಿನ ಉಸ್ಮಾನಿಯಾ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರ ಕೆಲಸ, ರಾಷ್ಟ್ರಕವಿ... ಎಷ್ಟು ತಿದ್ದಿದರೂ ಬಯೋಡೇಟಾ ಥರವೇ ಆಗ್ತಿದೆ. ಪುಸ್ತಕಗಳ ಇಸವಿಯೂ ಒಂದೊಂದು ಕಡೆ ಒಂದೊಂದು ಥರ ಇದೆ. ತಿಳಿದವರು ದಾರಿ ಹೇಳಿ.

ಹಳೇ ಸಂಪುಟ:
‘ವೃತ್ತಿ’, ‘ಸಾಹಿತ್ಯ’ ಅಂತ ಎರಡು ಭಾಗ ಮಾಡಿದ್ದರೆ ಮೊದಲು ಅದನ್ನ ಅಳಿಸಿ. ಜಿ.ಎಸ್.ಎಸ್. ವಿಷಯದಲ್ಲಿ ಆ ಗೋಡೆ ನಿಲ್ಲೋದಿಲ್ಲ. ಕುವೆಂಪು ಮಾರ್ಗದರ್ಶನದಲ್ಲಿ ಪಿಎಚ್.ಡಿ.ಗೆ ಮಾಡಿದ ಕೆಲಸವೇ ‘ಸೌಂದರ್ಯ ಸಮೀಕ್ಷೆ’ ಅನ್ನೋ ವಿಮರ್ಶಾ ಕೃತಿ; ಅದನ್ನ ಯಾವ ಭಾಗಕ್ಕೆ ಹಾಕ್ತೀರಿ?

ಒಂದು ಹಾಳೆ ಅಡ್ಡ ಹಿಡಿದು ಮೂರು ಕಾಲಂ ಎಳೀರಿ: ಇಸವಿ, ಆಗ ಎಲ್ಲಿದ್ದರು, ಆಗ ಏನು ಬಂತು. 1951ರ ಸಾಲಲ್ಲಿ ‘ಸಾಮಗಾನ’ ಕವನಸಂಕಲನ ಕೂರುತ್ತೆ, ಎಂ.ಎ. 1953ರಲ್ಲಿ. ಅಂದರೆ ಎಂ.ಎ. ಆಗೋಕೆ ಮುಂಚೆಯೇ ಸಂಕಲನ ಕೈಯಲ್ಲಿತ್ತು! ಪಟ್ಟಿ ಬರೆದರೆ ಇದು ಕಣ್ಣಿಗೆ ಬೀಳಲ್ಲ, ಕಾಲಂ ಎಳೆದರೆ ಬೀಳುತ್ತೆ.

ಪುಟದ ಲೆಕ್ಕ: ಬಾಲ್ಯ ಒಂದು, ಮೈಸೂರು ಎರಡು, ಉಸ್ಮಾನಿಯಾ (1963–66) ಅರ್ಧ, ಬೆಂಗಳೂರು ಮೂರು, ಕಾವ್ಯಕ್ಕೆ ಉಳಿದ ಒಂದೂವರೆ. ಬೆಂಗಳೂರನ್ನ ಮಾತ್ರ ಚಿಕ್ಕದು ಮಾಡಬೇಡಿ. 1966ರಿಂದ ಇಲ್ಲಿ ಅವರು ಕನ್ನಡ ಅಧ್ಯಯನ ಕೇಂದ್ರವನ್ನ ಕಟ್ಟಿದರು, ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆಯ ಸಂಪುಟಗಳ ಸಂಪಾದನೆ ಹೊತ್ತರು. ದಲಿತ ಕವಿ ಸಿದ್ಧಲಿಂಗಯ್ಯ, ವಿಮರ್ಶಕ ಡಿ.ಆರ್. ನಾಗರಾಜ್ ಓದಿದ್ದು ಇದೇ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ. ಕುವೆಂಪು ತಲೆಮಾರಿನ ನವೋದಯ ಸಾಹಿತ್ಯದ ಗರಡಿಯಿಂದ ಬಂದ ಮೇಷ್ಟ್ರ ಎದುರು ದಲಿತ-ಬಂಡಾಯದ ತಲೆಮಾರು ಕೂತಿತ್ತು. ನನ್ನ ಪ್ರಕಾರ ಲೇಖನದ ಜೀವ ಇರೋದೇ ಅಲ್ಲಿ.

ಚಾಮರಾಜಪೇಟೆ:
ಇಸವಿ ಯಾಕೆ ತಪ್ಪುತ್ತೆ ಅಂದರೆ, ಬಹಳ ಜನ ಕೈಗೆ ಸಿಕ್ಕ ಮರುಮುದ್ರಣದ ವರ್ಷವನ್ನೇ ಬರೀತಾರೆ. ಶೀರ್ಷಿಕೆ ಪುಟದ ಹಿಂಬದಿ ನೋಡಿ. ‘ಮೊದಲ ಮುದ್ರಣ’ ಅನ್ನೋ ಸಾಲು ಬೇರೆ, ಅದರ ಕೆಳಗಿನ ಇಸವಿಗಳು ಬೇರೆ. ಆ ಸಾಲು ಇಲ್ಲದಿದ್ದರೆ ಮುನ್ನುಡಿಯ ಕೊನೆಯಲ್ಲಿ ಹಾಕಿರೋ ತಾರೀಖು ನೋಡಿ. ಸಮಗ್ರ ಸಂಪುಟದ ಇಸವಿಯನ್ನ ಬಿಡಿ ಸಂಕಲನಕ್ಕೆ ಅಂಟಿಸಬೇಡಿ. ಸಾಹಿತ್ಯ ಪರಿಷತ್ತಿನ ಗ್ರಂಥಾಲಯಕ್ಕೆ ಒಂದು ಸಲ ಹೋಗಿ ಬನ್ನಿ.

ಪದೇ ಪದೇ ಕಾಣೋ ಇನ್ನೊಂದು ತಪ್ಪು: 1984ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕವಿತೆಗೆ ಬಂದದ್ದಲ್ಲ, ವಿಮರ್ಶೆಗೆ, ‘ಕಾವ್ಯಾರ್ಥ ಚಿಂತನ’ಕ್ಕೆ. ಹಾಗೆಯೇ ರಾಷ್ಟ್ರಕವಿಗಳಲ್ಲಿ ಅವರು ಮೂರನೆಯವರು (2006), ಗೋವಿಂದ ಪೈ ಮತ್ತು ಕುವೆಂಪು ಆದಮೇಲೆ. ಪೈ ಅವರನ್ನ ಮರೆತು ‘ಎರಡನೆಯವರು’ ಅಂತ ಬರೆಯೋರು ಇದ್ದಾರೆ.

ನಾಗರಬಾವಿ ಓದುಗ:
ತುಂಬಾ ಉಪಕಾರ. ‘ಸಮನ್ವಯ ಕವಿ’ ಅನ್ನೋ ಪದ ಬಳಸಲಾ?

ಹಳೇ ಸಂಪುಟ:
ಬಳಸಿ, ಆದರೆ ಬರೀ ಹಣೆಪಟ್ಟಿ ಹಚ್ಚಿ ಮುಂದೆ ಹೋಗಬೇಡಿ. ನವೋದಯ, ಅದರ ನಂತರ ಬಂದ ನವ್ಯ, ಈ ಎರಡು ಕಾವ್ಯಮಾರ್ಗಗಳ ನಡುವೆ ನಿಂತರು ಅಂದಮೇಲೆ ಒಂದು ಹಳೇ ಕವಿತೆ, ಒಂದು ನಂತರದ್ದು ಪಕ್ಕಪಕ್ಕ ಇಟ್ಟು ಲಯ ಎಲ್ಲಿ ಬದಲಾಯ್ತು ತೋರಿಸಿ. ಸಾಲುಗಳನ್ನ ಮಾತ್ರ ಅಚ್ಚಾದ ಪುಸ್ತಕದಿಂದಲೇ ಎತ್ತಿಕೊಳ್ಳಿ. ‘ಕಾಣದ ಕಡಲಿಗೆ’ ಥರದ್ದನ್ನ ಸಿ. ಅಶ್ವಥ್ ದನಿಯಲ್ಲಿ ಕೇಳಿ ಬರೆದುಕೊಂಡರೆ ಹಾಡಿಗಾಗಿ ಮರುಕಳಿಸಿದ ಸಾಲೂ ಕವಿತೆಯ ಸಾಲಾಗಿ ಸೇರಿಬಿಡುತ್ತೆ.