ಜಿಂಕೆಗೆ ಯಾವ ತೋಟಾ? ಬ್ಯಾಚ್ ಗುಂಪಿನಲ್ಲಿ ನಡೆದ ವಾದ

ಅಮೆರಿಕದಿಂದ ಸತೀಶ ಫಾರ್ವರ್ಡ್ ಮಾಡಿದ ಚಿತ್ರ: «ಜಿಂಕೆ ಬೇಟೆಗೆ ಟಾಪ್ 10 ತೋಟಾ, ಶಕ್ತಿಯ ಪ್ರಕಾರ»

ಸತೀಶ: ಈ ಸೀಸನ್‌ಗೆ ರೈಫಲ್ ತಗೋಬೇಕು. ಇದರಲ್ಲಿ .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ತೋಟಾ ಮೊದಲು, ಶಕ್ತಿ 3,500 ಅಡಿ-ಪೌಂಡ್. ಅದೇ ಸರಿ ಅಲ್ವಾ?

ಪೂವಯ್ಯ: ಬೇಡ ಮಾರಾಯ. ಈ ಪಟ್ಟಿ ನಳಿಗೆಯ ಬಾಯಲ್ಲಿರೋ ಶಕ್ತಿ ನೋಡಿ ಸಾಲು ಹಾಕಿದೆ, ಅಷ್ಟೇ. ಜಿಂಕೆ ಬೀಳೋದು ಗುಂಡು, ಅಂದ್ರೆ ತೋಟಾದಿಂದ ಹಾರೋ ತುದಿ, ಎರಡೂ ಶ್ವಾಸಕೋಶ ದಾಟಿದ್ರೆ. ಬಿಳಿಬಾಲದ ಜಿಂಕೆಗೆ ಆ ಜಾಗ 8ರಿಂದ 10 ಇಂಚು. ನಮ್ಮ ಕೊಲರಾಡೋ ಕಾನೂನು ಜಿಂಕೆಗೆ ಕೇಳೋದು ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ಅಡ್ಡಳತೆ), 70 ಗ್ರೇನಿನ (ಗುಂಡಿನ ತೂಕದ ಅಳತೆ), ತಾಗಿದಾಗ ಅರಳೋ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್. ಅದರ ಮೂರು ಪಟ್ಟು ಯಾಕೆ ಹೊರ್ತೀಯ?

ಸತೀಶ: ಜಾಸ್ತಿ ಇದ್ರೆ ನಷ್ಟ ಏನು?

ಪೂವಯ್ಯ: ಒದೆ, ಅಂದ್ರೆ ಹೊಡೆದಾಗ ಕೋವಿ ಭುಜಕ್ಕೆ ಕೊಡೋ ಪೆಟ್ಟು. ಸಾಧಾರಣ ತೂಕದ ರೈಫಲಲ್ಲಿ ವಿನ್ ಮ್ಯಾಗ್ ಸುಮಾರು 25 ಅಡಿ-ಪೌಂಡ್ ಒದೆಯತ್ತೆ. .308 ಹದಿನೇಳರ ಹತ್ರ, .243 ಒಂಬತ್ತರ ಹತ್ರ. ಒದೆಗೆ ಹೆದರಿದ ಕೈ ಟ್ರಿಗರ್ ಎಳೆಯೋ ಗಳಿಗೆಯಲ್ಲೇ ಕೋವಿಯನ್ನ ಅಲ್ಲಾಡಿಸತ್ತೆ. ಗುಂಡು ಎದೆಗೂಡು ಬಿಟ್ಟು ಹೊಟ್ಟೆಗೆ ಹೋದ್ರೆ ಆ ಪ್ರಾಣಿ ಗಂಟೆಗಟ್ಟಲೆ ನರಳತ್ತೆ. ಜೊತೆಗೆ, 50 ಗಜದಲ್ಲಿ ಆ ವೇಗದ ಮೆತ್ತನೆ ಗುಂಡು ಭುಜದ ಮೂಳೆಗೆ ಬಿದ್ರೆ ಮುಂಗಾಲಿನ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಹಾಳು.

ಮಂಜು: ಹಾಗಾದ್ರೆ .308, 150 ಗ್ರೇನ್. 1952ರಿಂದ ಇದೆ, ಎಲ್ಲಾ ಅಂಗಡೀಲಿ ಸಿಗತ್ತೆ. .243 ಮಾತ್ರ ಬೇಡ, ಗಾಯ ಮಾಡಿ ಬಿಡತ್ತೆ.

ಶೈಲಾ: ಅದು ತೋಟಾದ ತಪ್ಪಲ್ಲ ಮಂಜು, ಗುಂಡಿನ ತಪ್ಪು. .243 ಅಂತ ಬರೆದಿರೋ ಪೆಟ್ಟಿಗೆಯಲ್ಲೇ 58 ಗ್ರೇನ್ ವಿ-ಮ್ಯಾಕ್ಸ್ ಕೂಡ ಬರತ್ತೆ. ಅದು ಸಣ್ಣ ಪ್ರಾಣಿಗೆ ಮಾಡಿದ್ದು, ತಾಗಿದ ಕೂಡಲೇ ಸಿಡಿಯತ್ತೆ. ಜಿಂಕೆಯ ಭುಜಕ್ಕೆ ಬಿದ್ರೆ ಮೇಲೆ ದೊಡ್ಡ ಗಾಯ, ಒಳಗೆ ಏನೂ ಇಲ್ಲ. 95-100 ಗ್ರೇನಿನ ಸಾಫ್ಟ್ ಪಾಯಿಂಟ್ (ಮೆತ್ತನೆ ತುದಿಯ, ಅರಳೋ ಗುಂಡು) ಹಾಕಿದ್ರೆ 200 ಗಜಕ್ಕೆ ಧಾರಾಳ. ಪೆಟ್ಟಿಗೆ ಮೇಲೆ ಮೊದಲು ಗ್ರೇನ್ ಮತ್ತು ಗುಂಡಿನ ಜಾತಿ ಓದಬೇಕು, ಕ್ಯಾಲಿಬರ್ ಆಮೇಲೆ.

ಮಂಜು: ಒಪ್ಪಿದೆ, ಆದ್ರೆ ಓರೆಯಾಗಿ ನಿಂತ ಜಿಂಕೆಗೆ? 100 ಗ್ರೇನ್ ಅಷ್ಟು ಆಳ ಹೋಗಲ್ಲ. ಆಚೆ ಕಡೆ ತೂತಾಗದಿದ್ರೆ ರಕ್ತದ ಜಾಡು ಸಿಗಲ್ಲ. .308 ಆಚೆ ದಾಟತ್ತೆ.

ಶೈಲಾ: ಆ ಮಾತು ಸರಿ. ಅದಕ್ಕೇ ಜಿಂಕೆ ಪೂರ್ತಿ ಪಕ್ಕ ತೋರಿಸಿ ಅಡ್ಡ ನಿಂತಾಗ ಮಾತ್ರ ಹೊಸಬರು ಹೊಡೀಬೇಕು: ಮುಂಗಾಲಿನ ಹಿಂದೆ, ಎದೆಯ ಕೆಳಗೆರೆಯಿಂದ ಮೂರನೇ ಒಂದು ಭಾಗ ಮೇಲೆ. ಆದ್ರೆ ಇಬ್ಬರೂ ಒಂದು ಮರೆತ್ರಿ. ಸತೀಶ ಇರೋದು ಒಹಾಯೋದಲ್ಲಿ!

ಪೂವಯ್ಯ: ಅಯ್ಯೋ, ಹೌದಲ್ಲ!

ಶೈಲಾ: ಅಲ್ಲಿ ಜಿಂಕೆಗೆ ಕುತ್ತಿಗೆ ಸಣ್ಣಗಾದ ತೋಟಾ ನಡೆಯಲ್ಲ. .243, .308, ವಿನ್ ಮ್ಯಾಗ್ ಎಲ್ಲ ಹೊರಗೆ. ನೇರ ಗೋಡೆಯ ತೋಟಾನೇ ಬೇಕು, ಅಂದ್ರೆ ತುದಿವರೆಗೂ ಕುತ್ತಿಗೆ ಇಲ್ಲದ್ದು, .357ರಿಂದ .50ರ ಒಳಗೆ, ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತುಂಬೋ ಹಾಗಿಲ್ಲ. ಪಟ್ಟಿಯಲ್ಲಿರೋ ಹತ್ತರಲ್ಲಿ ಒಂದೂ ಅವನಿಗೆ ಉಪಯೋಗಕ್ಕಿಲ್ಲ. .350 ಲೆಜೆಂಡ್ ನೋಡೋ. ಹೆಸರಲ್ಲಿ .350 ಇದ್ರೂ ಗುಂಡು .357 ಲೆಕ್ಕದ್ದೇ. 2019ರಲ್ಲಿ ವಿಂಚೆಸ್ಟರ್ ಇಂಥ ರಾಜ್ಯಗಳಿಗೆ ಅಂತಲೇ ತಂದದ್ದು. 150 ಗ್ರೇನ್, ಸೆಕೆಂಡಿಗೆ 2,325 ಅಡಿ, ಒದೆ .243ರಷ್ಟೇ.

ಮಂಜು: .450 ಬುಷ್‌ಮಾಸ್ಟರ್ ಇನ್ನೂ ಗಟ್ಟಿ, 250 ಗ್ರೇನ್.

ಪೂವಯ್ಯ: ಮತ್ತೆ ಒದೆ ವಿಷಯಕ್ಕೇ ಬಂದೆ ನೀನು. ಲೆಜೆಂಡ್ ಸಾಕು, ಆದ್ರೆ ದೂರದ ಆಸೆ ಬಿಡಬೇಕು. 100 ಗಜಕ್ಕೆ ಗುರಿ ಕೂರಿಸಿದ್ರೆ 200ಕ್ಕೆ ಗುಂಡು ಏಳೆಂಟು ಇಂಚು ಕೆಳಗೆ ಇಳಿಯತ್ತೆ. 150 ಗಜ ಅಂತ ಗೆರೆ ಹಾಕ್ಕೋ.

ದಿನೇಶ: ಚಿಕ್ಕಮಗಳೂರಿಂದ ಒಂದು ಪ್ರಶ್ನೆ. ನಮ್ಮ .315 ಪಟ್ಟಿಯಲ್ಲಿ ಯಾಕಿಲ್ಲ?

ಪೂವಯ್ಯ: ಅದು ಹಳೇ 8×50 ಮ್ಯಾನ್ಲಿಕರ್ ತೋಟಾ, ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿ ರೈಫಲಿನದು. ಅಮೆರಿಕದ ಅಂಗಡೀಲಿ ಹುಡುಕಿದ್ರೂ ಸಿಗೋದು ಕಷ್ಟ. ಊರಲ್ಲಿ ಜಿಂಕೆಯ ಮಾತೇ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ. ಕೊಡವರಿಗಿರೋ ವಿನಾಯಿತಿಯೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋಕೆ, ಬೇಟೆಗಲ್ಲ.

ಸತೀಶ: ಸರಿ, ಲೆಜೆಂಡ್. ಭಾಮೈದನೂ ಬರ್ತಾನೆ, ಎಚ್-1ಬಿ ಕೆಲಸದ ವೀಸಾದಲ್ಲಿದ್ದಾನೆ. ಅವನೂ ಹೊಡೀಬಹುದಾ?

ಶೈಲಾ: ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಅವನ ಹೆಸರಲ್ಲಿ ಇರಬೇಕು. ಇಲ್ಲದೆ ಕೋವಿ ಇರಲಿ, ಒಂದು ತೋಟಾ ಇಟ್ಕೊಂಡ್ರೂ ಫೆಡರಲ್ ಅಪರಾಧ. ರೇಂಜಿಗೆ ಕರ್ಕೊಂಡು ಹೋಗೋಕೆ ಮೊದಲೇ ಮಾಡಿಸು.

ಸತೀಶ: ಗುಂಡು ಸೀಸದ್ದೋ ತಾಮ್ರದ್ದೋ?

ಶೈಲಾ: ಮಕ್ಕಳು ತಿನ್ನೋ ಮಾಂಸ ಅಂದ್ರೆ ನಾನು ತಾಮ್ರ ಅಂತೀನಿ. ಸೀಸದ ಗುಂಡು ಮೂಳೆಗೆ ಬಿದ್ದು ಕಣ್ಣಿಗೆ ಕಾಣದ ಚೂರಾಗಿ ಮಾಂಸದಲ್ಲಿ ಹರಡತ್ತೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸ ಪೂರ್ತಿ ನಿಷೇಧ.

ಮಂಜು: ಆದ್ರೆ ತಾಮ್ರ ಅರಳೋಕೆ ವೇಗ ಬೇಕು. ಲೆಜೆಂಡ್ ನಿಧಾನದ ತೋಟಾ. ಅದಕ್ಕಂತಲೇ ಮಾಡಿದ ತಾಮ್ರದ ಗುಂಡು ತಗೋ, ಎಷ್ಟು ವೇಗದವರೆಗೆ ಅರಳತ್ತೆ ಅಂತ ತಯಾರಕರು ಕೊಟ್ಟಿರ್ತಾರೆ, ನೋಡು.

ಪೂವಯ್ಯ: ಸತೀಶ, ಎರಡು ಮೂರು ಬಗೆಯ ಪೆಟ್ಟಿಗೆ ಒಂದೊಂದು ತಗೊಂಡು 100 ಗಜದಲ್ಲಿ ಮೂರು-ಮೂರು ಹೊಡೆದು ನೋಡು. ನಿನ್ನ ನಳಿಗೆಗೆ ಯಾವುದು ಒಗ್ಗತ್ತೋ ಅದರದ್ದೇ ಐದಾರು ಪೆಟ್ಟಿಗೆ, ಒಂದೇ ಲಾಟ್ ನಂಬರಿನದು (ಒಟ್ಟಿಗೆ ತಯಾರಾದದ್ದು) ತಗೋ. ಬ್ರ್ಯಾಂಡ್ ಬದಲಾದ್ರೆ ಗುರಿ ಎರಡು ಮೂರು ಇಂಚು ಸರಿದು ಹೋಗಬಹುದು, ಮತ್ತೆ ಮೊದಲಿಂದ ಕೂರಿಸಬೇಕು. ತಗೊಂಡ ಮೇಲೆ ಪೆಟ್ಟಿಗೆಯ ಪಕ್ಕದ ಫೋಟೋ ಇಲ್ಲಿ ಹಾಕು.